ಐಸಿನ ಮೇಲೆ ಅಳಿಯ

ಅಳಿಯನಾಗಲಿರುವ ಮರಿಬಸಪ್ಪ ಸುಳ್ಳುಗಾರನಿರಬೇಕು ಎಂಬ ಅನುಮಾನ ಕೊಟ್ರಬಸಪ್ಪನಿಗೆ ಹುಟ್ಟಿದ್ದು ಸಿರುಗುಪ್ಪದ ಸನ್ಮಾನ ಸಭೆಯಲ್ಲಿ, ಷರಬತ್ತು ಹಂಚುವ ಹೊತ್ತಿಗೆ. ಲೋಟದಲ್ಲಿ ತೇಲುತ್ತಿದ್ದ ಐಸ್ ತುಂಡನ್ನು ಕಂಡದ್ದೇ ಹುಡುಗ ಮುಖ ಸಿಂಡರಿಸಿ ಲೋಟವನ್ನು ಆಚೆ ಸರಿಸಿದ. ಸನ್ಮಾನ ನಡೆದಿದ್ದದ್ದು ಮಾತ್ರ ಸ್ವತಂತ್ರ ಭಾರತದ ಪರವಾಗಿ ಐಸಿನ ಮೇಲಿನ ಹಾಕಿ ಆಟ ಆಡಿ ಬಂದ ಕುರುಗೋಡಿನ ವೀರನಿಗೆ!

ಮರಿಬಸಪ್ಪ ಕುರುಗೋಡಿನ ಹತ್ತಿ ವ್ಯಾಪಾರಿಯ ಮಗ. ಗಿರಣಿ ಯಂತ್ರಗಳ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದವನು 1951ರ ಬೇಸಗೆಯಲ್ಲಿ ಊರಿಗೆ ಮರಳಿದ್ದ. ಹೊಸದಾಗಿ ಈ ಆಟಕ್ಕೆ ಇಳಿದ ದೇಶಗಳಿಗಾಗಿ ಯೂರೋಪಿನಲ್ಲಿ ನಡೆದ ಕೆಳದರ್ಜೆಯ ಪಂದ್ಯಾವಳಿಯಲ್ಲಿ ತಾನು ಗೋಲು ಕಾದೆನೆಂದು ಹೇಳಿದ್ದ. 'ಕೆಳದರ್ಜೆ' ಎಂಬ ಮಾತನ್ನು ಸ್ವಾಗತ ಸಮಿತಿಯವರು, ಕರಪತ್ರದಲ್ಲಿ ಜಾಗ ಸಾಲದೆಂದು, ಕೈಬಿಟ್ಟಿದ್ದರು.

ಸಭೆಯ ಅಧ್ಯಕ್ಷ ಚಿದಾನಂದಪ್ಪ ಅಕ್ಕಿ ಗಿರಣಿಯ ಮಾಲೀಕ. "ದೇಶದ ತಂಡಕ್ಕ ನಿನ್ನ ಹೆಂಗ ಆರಿಸಿದ್ರಪಾ?" ಎಂದು ಕೇಳಿದ.

"ಪಾಸ್‌ಪೋರ್ಟ್ ನೋಡಿದ್ರು, ತಗೊಂಡ್ರು ರೀ."

"ನೋಡ್ರಿ, ಎಷ್ಟು ವಿನಯ!" ಎಂದು ಚಿದಾನಂದಪ್ಪ ಸಭೆಯತ್ತ ತಿರುಗಿದ. "ಗೋಲು ಎಷ್ಟಾದುವು?"

"ಮೊದಲನೇ ಮ್ಯಾಚಿನಾಗ ಇಪ್ಪತ್ಮೂರು ಆದುವ್ರಿ."

ಚಪ್ಪಾಳೆಯೋ ಚಪ್ಪಾಳೆ.

"ಎಷ್ಟನೇ ನಂಬರ್ ಬಂದ್ರಿ?"

"ಮೂರನೇದ್ರಿ. ಆದರ..."

ಮುಂದಿನದನ್ನು ಬ್ಯಾಂಡಿನವರು ಕೇಳಗೊಡಲಿಲ್ಲ. ಎಷ್ಟು ದೇಶಗಳು ಬಂದಿದ್ದವು ಎಂದು ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಕೊಟ್ರಬಸಪ್ಪ ಬಳ್ಳಾರಿಯಲ್ಲಿ ಐಸ್ ಫ್ಯಾಕ್ಟರಿ ಇಟ್ಟವನು. ಐಸಿನ ಗುಣ ಅವನಿಗೆ ಗೊತ್ತು. ಅವನ ಹಮಾಲರು ದಿನಾ ಜಾರಿ ಬೀಳುತ್ತಿದ್ದರು. ಮನೆಗೆ ಬಂದವನೇ ಗುಡುಗಿದ: "ಐಸಿಗೆ ಹೆದರಾವ ಐಸಿನ ಮ್ಯಾಲೆ ಏನು ಆಡಿರ್ತಾನ? ನನ್ನ ಫ್ಯಾಕ್ಟರ್ಯಾಗ ಆಡಿ ತೋರಿಸ್ಲಿ. ನಿಂತು ಒಂದು ಗೋಲು ತಡದ್ರ ಲಗ್ನ. ಬಿದ್ರ, ಸುಳ್ಳುಗಾರಗ ನನ್ನ ಮಗಳನ್ನ ಕೊಡಂಗಿಲ್ಲ."

ಮಗಳು ಚನ್ನವೀರಮ್ಮ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಹುಡುಗ ಬಹಳ ಹಿಡಿಸಿದ್ದ. ಹಾಗೆಂದು ಹೇಳುವ ಧೈರ್ಯವೂ ಇರಲಿಲ್ಲ, ಮುಚ್ಚಿಡುವ ಜಾಣತನವೂ ಇರಲಿಲ್ಲ.

ತೀರ್ಪು ಹೇಳಲು ತಕ್ಕ ಮನುಷ್ಯನೂ ಸಿಕ್ಕಿಬಿಟ್ಟ. ಫ್ಯಾಕ್ಟರಿಗೆ ಹೊಸ ಯಂತ್ರ ಜೋಡಿಸಲು ಬೆಲ್ಜಿಯಂನಿಂದ ಬಂದು ಕಂಟೋನ್ಮೆಂಟಿನಲ್ಲಿ ಇಳಿದುಕೊಂಡಿದ್ದ ಪೀಟರ್ ಸಾಹೇಬ ಆ ಪಂದ್ಯಾವಳಿಯನ್ನು ಕಣ್ಣಾರೆ ಕಂಡವನು. "ಭಾರತದ ಗೋಲ್‌ಕೀಪರನನ್ನು ಒಮ್ಮೆ ನೋಡಿದವರು ಮರೆಯಲಾರರು. ಇವನು ಆಡಲಿ, ಒಂದೇ ನಿಮಿಷದಲ್ಲಿ ಹೇಳುತ್ತೇನೆ" ಎಂದ. ಅವನದು ಇಂಗ್ಲಿಷು, ಕೊಟ್ರಬಸಪ್ಪನದು ಕನ್ನಡ, ತಪ್ಪಿದರೆ ತೆಲುಗು. ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಚನ್ನವೀರಮ್ಮನೇ ನಡುವೆ ನಿಂತು ಮಾತು ದಾಟಿಸಬೇಕಾಯಿತು. ತನ್ನ ಲಗ್ನ ಮುರಿಯುವ ಮಾತನ್ನು ತಾನೇ ತರ್ಜುಮೆ ಮಾಡುವ ಪಾಡು ಯಾವ ಹೆಣ್ಣಿಗೂ ಬೇಡ.

ಕೋಲ್ಡ್ ರೂಮಿನ ನೆಲಕ್ಕೆ ಐಸ್ ಗಡ್ಡೆಗಳನ್ನು ಹಾಸಿ, ಮೇಲೆ ನೀರು ಸುರಿದು, ಕನ್ನಡಿಯ ಹಾಗೆ ಹೆಪ್ಪುಗಟ್ಟಿಸಿದರು. ಪೀಟರ್ ಸಾಹೇಬ ಬರೆದುಕೊಟ್ಟ ನಮೂನೆಯಂತೆ ಕಮ್ಮಾರ ಹಳೆಯ ಮಿಲಿಟರಿ ಬೂಟುಗಳ ಅಡಿಗೆ ಉಕ್ಕಿನ ಪಟ್ಟಿ ಕೂಡಿಸಿದ. ಪರೀಕ್ಷೆಯ ದಿನ ಊರಿಗೆ ಊರೇ ಬಂತು. ಸಿರುಗುಪ್ಪದ ಸ್ವಾಗತ ಸಮಿತಿಯೂ ಇಡಿಯಾಗಿ ಬಂತು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಪುಕ್ಕಟೆ ತಂಪು. ಸತ್ಯ ತಿಳಿಯುವ ಹಂಬಲ ಬಳ್ಳಾರಿಯವರಿಗೆ ಅಷ್ಟು ಹಿಂದೆಂದೂ ಬಂದಿರಲಿಲ್ಲ.

ಬಾಗಿಲ ಮರೆಯಲ್ಲಿ ಚನ್ನವೀರಮ್ಮ ಮೆಲ್ಲಗೆ ಕೇಳಿದಳು. "ಖರೇನ ಆಡೀರೇನ್ರಿ?"

"ಖರೇನ ಆಡೀನಿ."

"ಮತ್ಯಾಕ ಮುಖ ಹಿಂಗಾಗೈತಿ?"

"ಆಡಿದ್ದಕ್ಕ."

ಅವಳಿಗೆ ಏನೂ ತಿಳಿಯಲಿಲ್ಲ. ಇನ್ನೊಂದು ಮಾತು ಕೇಳುವಷ್ಟರಲ್ಲಿ ಅಪ್ಪ ಕೂಗಿದ.

ಮರಿಬಸಪ್ಪ ಗೋಡೆ ಹಿಡಿದುಕೊಂಡು ಐಸಿನ ಮೇಲೆ ಕಾಲಿಟ್ಟ. ಗೋಲಿನ ಬಾಯಿಗೆ ಬಂದು ಗೋಡೆ ಬಿಟ್ಟ. ಪೀಟರ್ ಸಾಹೇಬ ಕೋಲಿನಿಂದ, ಈ ಆಟದಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು ಹಗುರವಾಗಿ ತಳ್ಳಿದ. ಅಷ್ಟೇ, ಮರಿಬಸಪ್ಪನ ಒಂದು ಕಾಲು ಸಿರುಗುಪ್ಪದ ಕಡೆಗೆ, ಇನ್ನೊಂದು ರೂಪನಗುಡಿಯ ಕಡೆಗೆ ಹೊರಟವು. "ಯಪ್ಪಾ, ದೊಡ್ಡಬಸವಣ್ಣಾ!" ಎಂದು ತನ್ನೂರಿನ ದೇವರನ್ನು ಕೂಗಿ ದಬಕ್ಕನೆ ಅಂಗಾತ ಬಿದ್ದ. ಬಿಲ್ಲೆ ಅವನ ಪಕ್ಕದಿಂದ ಸಾವಕಾಶವಾಗಿ ಹಾದು ಗೋಲು ಸೇರಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗ ಅವತ್ತ ಡೌಟ್ ಬಂದಿತ್ರಿ" ಎಂದ ಚಿದಾನಂದಪ್ಪ, ಮೊದಲ ಹಾರ ಹಾಕಿದ್ದವನು. ಬಿದ್ದವನನ್ನು ಎತ್ತಲು ಒಬ್ಬನೂ ಮುಂದೆ ಬರಲಿಲ್ಲ. ಚನ್ನವೀರಮ್ಮನಿಗೆ ಅಳುವೂ ಬಂತು, ಅವರೆಲ್ಲರ ಮೇಲೆ ಕೆಟ್ಟ ಸಿಟ್ಟೂ ಬಂತು.

"ಮುಗೀತು. ಲಗ್ನ ಇಲ್ಲ" ಎಂದು ಕೊಟ್ರಬಸಪ್ಪ ಹೆಗಲ ಮೇಲಿನ ಶಲ್ಯ ಕೊಡವಿದ.

ಪೀಟರ್ ಸಾಹೇಬ ಮಾತ್ರ ನಗಲಿಲ್ಲ. ಕೋಲು ಬಿಸಾಡಿ ಓಡಿ ಬಂದ. ಮರಿಬಸಪ್ಪನ ಪಕ್ಕದಲ್ಲಿ ಮಂಡಿಯೂರಿ, ಅವನ ಎರಡೂ ಕೈ ಹಿಡಿದು ಕುಲುಕುತ್ತ, ಒಂದೇ ಉಸಿರಿಗೆ ಏನೇನೋ ಹೇಳಿದ. ಎಲ್ಲರೂ ಚನ್ನವೀರಮ್ಮನ ಕಡೆ ತಿರುಗಿದರು. ಅವಳು ಅವನಿಂದ ಇನ್ನೊಮ್ಮೆ ಹೇಳಿಸಿ ಕೇಳಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಪ್ಪಾ, ಇವರು ಸುಳ್ಳು ಹೇಳಿಲ್ಲಂತ. ಅವತ್ತು ಚಳಿಗೆ ಮುಖದ ತುಂಬ ಮಫ್ಲರ್ ಸುತ್ಕೊಂಡಿದ್ರಂತ, ಅದಕ್ಕ ಸಾಹೇಬ್ರಿಗೆ ಇಷ್ಟೊತ್ತು ಗುರ್ತು ಹತ್ತಿಲ್ಲ. ಸಾಹೇಬ್ರ ದೇಶದವರು ಹೊಡದ ಇಪ್ಪತ್ಮೂರು ಗೋಲಿಗೂ ಹಿಂಗ ದೊಡ್ಡಬಸವಣ್ಣನ್ನ ಕರದು, ಹಿಂಗ ಬಿದ್ರಂತ, ನಮ್ಮವರು."