ಗುರುತಿಲ್ಲದ ಬಾಗಿಲು

ಬಣ್ಣದವನು ಕುಂಚವನ್ನು ಡಬ್ಬಕ್ಕೆ ಅದ್ದುವಷ್ಟರಲ್ಲಿ ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ನಾನು ಸತ್ತ ಮೇಲೆ ಬೇಕಾದ್ದು ಬಳ್ಕೊಳ್ಳಿ. ಅಲ್ಲೀವರೆಗೆ ಈ ಬಾಗಿಲು ಹೀಗೇ ಇರುತ್ತೆ."

ಬಣ್ಣದವನು ಸೊಸೆಯ ಮುಖ ನೋಡಿದ. ಸೊಸೆ ಹೊಲಿಗೆ ಯಂತ್ರ ಬಿಟ್ಟು ಎದ್ದು ಬಂದಳು, ಅಳತೆಯ ಟೇಪು ಕೊರಳಲ್ಲೇ ಇತ್ತು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಬಾಗಿಲ ಮೇಲೆ ಕೆಂಪು ಗುರುತು ಬೀಳದಿದ್ದರೆ ಎರಡೂ ಮಣ್ಣುಪಾಲು. ಇದನ್ನು ಅತ್ತೆಗೆ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ವಲಸೆ ಬಂದವರ ಬೀದಿಗಳ ಮೇಲೆ ನಗರಸಭೆಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ಚರಂಡಿ ಕಟ್ಟಿಕೊಂಡು ನಾರಿದಾಗ ತಿರುಗಿಯೂ ನೋಡದವರು ಈಗ ಕಲ್ಲು ಹಾಸಿ, ಕಬ್ಬಿಣದ ದೀಪದ ಕಂಬ ನೆಟ್ಟು, ಗೋಡೆಗಳ ಮೇಲೆ ಹಳೇ ನಾಡಿನ ಹೂಬಳ್ಳಿ ಬರೆಸುತ್ತಿದ್ದರು. ಪರಂಪರೆ ಎದ್ದು ಕಾಣಬೇಕಂತೆ. ಅದಕ್ಕೆ ಅವರು ಆರಿಸಿಕೊಂಡ ಲಾಂಛನವೇ ಬಾಗಿಲುಗಳ ಮೇಲಿನ ಗುರುತು: ಒಂದು ಕೆಂಪು ವೃತ್ತ, ಅದಕ್ಕೊಂದು ಬಾಲ. ಗುರುತಿದ್ದರೆ ಅದು ಮೂಲದ ಮನೆ, ಉಳಿಯುತ್ತದೆ. ಇಲ್ಲದಿದ್ದರೆ ಆಮೇಲೆ ಬಂದವರದು. ಅದನ್ನು ಕೆಡವಿ ಪ್ರವಾಸಿಗರ ಬಸ್ಸು ನಿಲ್ಲಿಸಲು ಜಾಗ ಮಾಡುತ್ತಾರೆ. ಇಡೀ ಬೀದಿಯಲ್ಲಿ ಗುರುತಿಲ್ಲದ್ದು ಇದೊಂದೇ ಬಾಗಿಲು.

ಆ ಗುರುತಿಗೆ ಬೀದಿಯವರು ಕೊಡುವ ಮರ್ಯಾದೆ ಅಷ್ಟಿಷ್ಟಲ್ಲ. ಬಾಗಿಲಿಗೆ ಹೊಸ ಬಣ್ಣ ಹಚ್ಚುವಾಗ ಅದನ್ನು ಬಿಟ್ಟು ಸುತ್ತ ಹಚ್ಚುತ್ತಾರೆ. ಯಾಕೆ ಎಂದು ಕೇಳಿದರೆ ಅಮ್ಮ ಹೇಳಿದ್ದಳು, ಅಜ್ಜಿ ಹೇಳಿದ್ದಳು ಎಂಬ ಉತ್ತರ. ಹಿಂದೊಮ್ಮೆ ಈ ಬೀದಿಯ ಗಂಡಸರು ಒಟ್ಟಿಗೆ ಹಡಗಿನ ಕೆಲಸಕ್ಕೆ ಹೋದರಂತೆ, ಮರಳಲಿಲ್ಲವಂತೆ. ಬಂದಾಗ ಮನೆ ಗುರುತು ಸಿಗಲಿ ಅಂತ ಹೆಂಗಸರು ಅಳಿಸಲಿಲ್ಲವಂತೆ. ಹಾಗಾಗಿ ಇಲ್ಲಿ ಮುದುಕಿಯರನ್ನು ಕಂಡವರುಂಟು, ಮುದುಕರನ್ನು ಕಂಡವರಿಲ್ಲ. ಮಾವ ಒಬ್ಬನೇ ತಲೆ ನರೆತು, ಮೊಮ್ಮಕ್ಕಳನ್ನು ಎತ್ತಾಡಿಸಿ, ಹಾಸಿಗೆಯಲ್ಲೇ ಕಣ್ಣು ಮುಚ್ಚಿದ್ದ. ದರ್ಜಿ ಮನೆ ನೀರೇ ಬೇರೆ ಎಂದು ನೆರೆಯವರು ಚೇಷ್ಟೆ ಮಾಡುತ್ತಿದ್ದರು.

ಅವನು ಬಿಟ್ಟುಹೋದದ್ದು ಈ ಅಂಗಡಿ ಮತ್ತು ಮೊಳೆಗೆ ನೇತುಹಾಕಿದ ಒಂದು ಭಾರದ ಕತ್ತರಿ. ಅದು ಸೊಸೆಯ ಕೈಗೆ ಒಗ್ಗಲೇ ಇಲ್ಲ. ಬಟ್ಟೆಯನ್ನು ಕತ್ತರಿಸುವ ಬದಲು ಅಗಿಯುತ್ತಿತ್ತು. ಸಾಣೆಯವನು ನೋಡಿ, ಕತ್ತರಿಯಲ್ಲಿ ದೋಷವಿಲ್ಲ ಎಂದು ನಕ್ಕು ವಾಪಸು ಕೊಟ್ಟಿದ್ದ.

ಅಷ್ಟರಲ್ಲಿ ನಗರಸಭೆಯ ಪರಂಪರೆ ತಜ್ಞರು ಬಂದರು. ಬೀದಿಯ ಕೆಲಸವೆಲ್ಲ ಅವರ ಉಸ್ತುವಾರಿ. ಒಳ್ಳೆಯ ಮನುಷ್ಯ, ಸೊಸೆ ಕಣ್ಣೀರು ಹಾಕಿದ್ದಕ್ಕೆ ಕರಗಿ ಬಣ್ಣದವನನ್ನು ಕಳಿಸಿದ್ದೇ ಅವರು. ಗುರುತು ಮಾಸಿಹೋಗಿರಬಹುದು, ಮನೆಯ ಹಿರಿಯರು ಇತ್ತು ಎಂದರೆ ಸಾಕು, ತಾವು ಮತ್ತೆ ಬರೆಸುತ್ತೇವೆ ಎಂದಿದ್ದರು. ಈಗ ಅತ್ತೆಯ ಮನ ಒಲಿಸಲು ತಮ್ಮ ಸಂಶೋಧನೆಯನ್ನೇ ಬಿಚ್ಚಿಟ್ಟರು. ಗುರುತುಗಳೆಲ್ಲ ಒಂದೇ ಎತ್ತರದಲ್ಲಿವೆ, ಒಬ್ಬನೇ ಬರೆದದ್ದು. ಕುಂಚ ತಿರುಗಿದ ದಿಕ್ಕು ನೋಡಿದರೆ ಎಡಗೈಯವನು. ಎದುರುಮನೆ ಅಜ್ಜಿಗೆ ಮಾತು ಬಿದ್ದುಹೋಗಿದ್ದರೂ ಗುರುತು ಮುಟ್ಟಿ ಗಳಗಳನೆ ಅತ್ತಳಂತೆ, ಅಂಥ ಭಕ್ತಿ ಅವರು ಕಂಡೇ ಇಲ್ಲವಂತೆ.

"ಆ ಕಲಾವಿದನ ಹೆಸರು ಸಿಕ್ಕರೆ ಬೀದಿಗೇ ಇಡ್ತೀವಿ ಅಮ್ಮ. ನಿಮಗೇನಾದ್ರೂ ನೆನಪಿದೆಯಾ?"

ಅತ್ತೆ ಬಾಗಿಲಿಗೆ ಬೆನ್ನನ್ನು ಇನ್ನಷ್ಟು ಒತ್ತಿ ನಿಂತಳು.

"ಹೋಗ್ಲಿ, ನಿಮ್ಮ ಬಾಗಿಲಿಗೆ ಗುರುತು ಇತ್ತು ತಾನೆ? ಹೂಂ ಅಂದ್ರೆ ಸಾಕು."

"ಇರಲಿಲ್ಲ," ಎಂದಳು ಅತ್ತೆ.

ಸೊಸೆ ಅವಳ ತೋಳು ಹಿಡಿದು ಅಲುಗಾಡಿಸಿದಳು, ಬೇಡಿಕೊಂಡಳು, ಕೊನೆಗೆ ಕಾಲೂ ಹಿಡಿದಳು. ಮುದುಕಿ ಕದಲಲಿಲ್ಲ. ತಜ್ಞರು ಕನ್ನಡಕ ಒರೆಸಿಕೊಂಡು, ಇನ್ನು ತಮ್ಮ ಕೈಯಲ್ಲೇನೂ ಇಲ್ಲ ಎಂದರು. ಬಣ್ಣದವನು ಡಬ್ಬದ ಮುಚ್ಚಳ ಒತ್ತಿ ಅವರ ಹಿಂದೆ ಹೊರಟ.

ಒಳಗೆ ಬಂದು ಸೊಸೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಮದುವೆಯಾಗಿ ಬಂದಂದಿನಿಂದ ಅವಳು ದುಡಿದದ್ದು ಈ ಕೋಣೆಯಲ್ಲಿ. ಇದನ್ನು ಬಿಟ್ಟರೆ ತಲೆ ಮೇಲೊಂದು ಸೂರಿಲ್ಲ. ಸಿಟ್ಟು ಮಾಡುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

"ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ?"

ಅತ್ತೆ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು.

"ಹಡಗಿಗೆ ಯಾರೂ ಹೋಗಲಿಲ್ಲ."

ಮಿಕ್ಕದ್ದನ್ನು ಅವಳು ನೆಲ ನೋಡುತ್ತಲೇ ಹೇಳಿದಳು. ನಗರದಲ್ಲಿ ಗಲಭೆಯಾದ ವರ್ಷ. ಒಂದು ಬೆಳಗಿನ ಜಾವ ಬಂದೂಕು ಹಿಡಿದವರು ಲಾರಿಗಳಲ್ಲಿ ಬಂದರು. ಯಾರ ಹೆಸರನ್ನೂ ಕೇಳಲಿಲ್ಲ, ರಾತ್ರೋರಾತ್ರಿ ಗುರುತು ಬಿದ್ದಿದ್ದ ಬಾಗಿಲುಗಳನ್ನಷ್ಟೇ ತಟ್ಟಿ ಗಂಡಸರನ್ನು ಎಳೆದೊಯ್ದರು. ಗುರುತು ಅಳಿಸಿದರೆ, ಬಾಯಿ ಬಿಟ್ಟರೆ, ಮಕ್ಕಳಿಗಾಗಿ ಮತ್ತೆ ಬರುತ್ತೇವೆ ಎಂದರು. ಹೆಂಗಸರು ಅಳಿಸಲಿಲ್ಲ. ಮಕ್ಕಳಿಗೆ ಹಡಗಿನ ಕಥೆ ಹೇಳಿದರು.

ಸೊಸೆ ಯಂತ್ರದಿಂದ ತಲೆಯೆತ್ತಿದಳು. ಎದುರುಮನೆ ಅಜ್ಜಿಯ ಅಳು ಭಕ್ತಿಯದಲ್ಲ ಎಂದು ಈಗ ತಿಳಿಯಿತು. ಇಂಥ ಗುರುತಿಗಾಗಿ ತಾನು ಕಾಲು ಹಿಡಿದೆನಲ್ಲ ಎಂದು ಹೇಸಿಗೆಯಾಯಿತು. ಆದರೂ ಒಳಗೊಳಗೇ ಸಣ್ಣದೊಂದು ಸಮಾಧಾನ.

"ದೇವರು ದೊಡ್ಡವನು," ಎಂದಳು. "ನಮ್ಮ ಮನೆ ಒಂದನ್ನ ತಪ್ಪಿಸಿದ."

ಅತ್ತೆ ಮೊಳೆಯಿಂದ ಮಾವನ ಕತ್ತರಿ ತೆಗೆದು ಸೊಸೆಯ ಎಡಗೈ ಬೆರಳುಗಳಿಗೆ ತೊಡಿಸಿದಳು. ಅದು ಅಚ್ಚುಕಟ್ಟಾಗಿ ಕೂತಿತು.

"ದೇವರಲ್ಲ ಮಗಳೇ. ಗುರುತು ಹಾಕೋನು ತನ್ನ ಬಾಗಿಲಿಗೇ ಹಾಕ್ಕೊಳ್ತಾನಾ?"