ನೆಲ ಮೆತ್ತಗಿರುವಾಗಲೇ

ಆ ಉತ್ತರದ ನಾಡಿನಲ್ಲಿ ಊರು ದಾಟಿದರೆ ದಿನಗಟ್ಟಲೆ ನಡೆದರೂ ಒಂದು ಮನೆ ಕಣ್ಣಿಗೆ ಬೀಳುವುದಿಲ್ಲ. ಆ ನಾಡಿನ ಚರಿತ್ರೆ ಬರೆಯಲು ಬಂದಿದ್ದ ಪ್ರೊಫೆಸರು, ಚಳಿಗಾಲವನ್ನೂ ಅಲ್ಲೇ ಕಳೆಯುವ ಹುಮ್ಮಸ್ಸಿನಲ್ಲಿ, ವರ್ಷದ ಕೊನೆಯ ಹಡಗನ್ನು ಹತ್ತದೆ ಉಳಿದುಬಿಟ್ಟರು. ಮರುದಿನ ಊರು ನೋಡಲು ಹೊರಟಾಗ, ಸ್ಮಶಾನದಲ್ಲಿ ಮುದುಕನೊಬ್ಬ ಗುಂಡಿ ತೋಡುತ್ತಿದ್ದ.

“ಯಾರು ತೀರಿಕೊಂಡ್ರು ಅಜ್ಜ?”

“ಇನ್ನೂ ಯಾರೂ ಇಲ್ಲ ಮೇಷ್ಟ್ರೇ. ಹಿಮ ಬಿತ್ತು ಅಂದ್ರೆ ನೆಲ ಕಲ್ಲಾಗ್ತದೆ, ಹಾರೆ ಇಳಿಯೋದಿಲ್ಲ. ಚಳಿಗಾಲದಲ್ಲಿ ಹೋಗೋರಿಗೆ ಈಗಲೇ ತೋಡಿಡೋದು ನಮ್ಮ ಪದ್ಧತಿ.”

ಪ್ರೊಫೆಸರಿಗೆ ಮೈ ಜುಮ್ಮೆಂದಿತು. ಪುಸ್ತಕದ ಮೊದಲ ಅಧ್ಯಾಯ ತಾನಾಗಿ ಬಂದು ಕೈಗೆ ಬಿದ್ದಿತ್ತು.

“ಹೋಗೋರು ಯಾರು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?”

“ಮುಖ ನೋಡಿದ್ರೆ ಗೊತ್ತಾಗ್ತದೆ. ಅಗೋ, ಆ ಗುಂಡಿ ನನ್ನ ಹೆಂಡತಿಗೆ. ಕೆಮ್ಮು ಬಿಡ್ತಾ ಇಲ್ಲ.”

“ಅಬ್ಬಾ! ಇಂಥಾ ನಾಡಿನ ಚರಿತ್ರೆ ಇಷ್ಟು ವರ್ಷ ಯಾರೂ ಬರೀಲಿಲ್ವಲ್ಲ!”

“ಬರಿಯೋಕೆ ಬಂದೋರು ಇದ್ದಾರೆ. ಮುಗಿಸಿದೋರು ಇಲ್ಲ.”

“ನಾನು ಮುಗಿಸ್ತೀನಿ ನೋಡಿ,” ಎಂದು ನಕ್ಕರು ಪ್ರೊಫೆಸರು. “ಅದಿರ್ಲಿ, ಈಗ ತೋಡ್ತಿರೋದು ಯಾರಿಗೆ?”

ಮುದುಕ ಅವರ ತೆಳು ಬೂಟುಗಳನ್ನು ನೋಡಿದ. ಹಾರೆಯನ್ನು ಪಕ್ಕಕ್ಕಿಟ್ಟು, ಗುಂಡಿಯಿಂದ ಮೇಲೆ ಬಂದು ಮೆತ್ತಗೆ ಹೇಳಿದ:

“ಒಂಚೂರು ಇಳಿದು ಮಲಗಿ ನೋಡಿ ಮೇಷ್ಟ್ರೇ, ಕಾಲು ಚಾಚೋಕೆ ಜಾಗ ಸಾಕಾ ಅಂತ.”