ಕೌಂಟಿಯ ಮಣ್ಣು

ಆ ಬೆಳಿಗ್ಗೆ ಹ್ಯೂಸ್ಟನ್ನಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಪಕ್ಕದ ಪೇರ್ಲ್ಯಾಂಡಿನಿಂದ ಹೊರಟ ಡಾಕ್ಟರ್ ಚಂದ್ರಮೋಹನ ದಾರಿಯುದ್ದಕ್ಕೂ ದೀಪ ಹಾಕಿಕೊಂಡೇ ಕಾರು ಓಡಿಸಿದರು. ಪಕ್ಕದಲ್ಲಿ ಶಿವಬಸವ್ವ ಸೆರಗು ಬಿಗಿದುಕೊಂಡು ಕೂತಿದ್ದಳು. ನರಗುಂದದಿಂದ ಬಂದು ಎರಡು ದಿನವಾಗಿತ್ತು. ಕನ್ನಡ ಸಂಘದವರು ಅವಳನ್ನು ಡಾಕ್ಟರ ಮನೆಯಲ್ಲಿ ಇಳಿಸಿದ್ದರು. ಅವಳ ತಮ್ಮ ಗುರುಪಾದ ಈ ಊರಲ್ಲಿ ಒಂಟಿಯಾಗಿ ಸತ್ತು ಐದು ತಿಂಗಳು. ಕೌಂಟಿಯವರ ಕಾಗದ ಅವಳ ಹಳೆಯ ವಿಳಾಸಕ್ಕೆ ಹೋಗಿ, ಊರೆಲ್ಲ ಸುತ್ತಿ ಕೈಸೇರುವ ಹೊತ್ತಿಗೆ ಕೌಂಟಿಯೇ ಅಂತ್ಯಕ್ರಿಯೆ ಮುಗಿಸಿತ್ತು. ಹೇಗೆ ಮುಗಿಸಿತು ಎಂಬುದು ಕಾಗದದಲ್ಲಿರಲಿಲ್ಲ.

"ಸುಟ್ಟಿರಬೇಕೇನ್ರಿ ಡಾಕ್ಟ್ರ?" ಅವಳು ಕೇಳಿದ್ದು ಇದು ನಾಲ್ಕನೆಯ ಸಲ. "ನಮ್ಮ ಮನಿತನದಾಗ ಇವತ್ತಿನ ತನಕ ಯಾರನ್ನೂ ಸುಟ್ಟಿಲ್ಲ. ಲಿಂಗ ಕೈಯಾಗಿಟ್ಟು ಮಣ್ಣಿಗೆ ಕೊಡೂದು. ಅವನ ಕೊರಳಾಗಿನ ಲಿಂಗ ಎಲ್ಲಿ ಒಗದ್ರೋ ಏನೋ."

"ಗೊತ್ತಿಲ್ಲಮ್ಮ. ಮೂವತ್ತೊಂದು ವರ್ಷದಿಂದ ಇಲ್ಲಿದ್ದೀನಿ. ಕೌಂಟಿ ಅಂದ್ರೆ ನನಗೆ ಮನೆ ಟ್ಯಾಕ್ಸು, ಕಾರಿನ ನಂಬರ್ ಪ್ಲೇಟು, ಅಷ್ಟೇ."

"ನಮ್ಮ ತಾಲೂಕ ಕಚೇರಿ ಇದ್ದಂಗೇನ್ರಿ?"

"ಹೆಚ್ಚು ಕಡಿಮೆ ಹಾಗೇ ಅನ್ಕೊಳ್ಳಿ."

"ಹಂಗಾದ್ರ ಮುಗೀತು ಬಿಡ್ರಿ. ಅಲ್ಲಿ ಜೀವಂತ ಇದ್ದಾಂವ ಹೋಗಿ ಎದುರು ನಿಂತ್ರೂ ತಲಿ ಎತ್ತಿ ನೋಡಂಗಿಲ್ಲ. ಸತ್ತಾಂವನ್ನ ಯಾರು ನೋಡ್ತಾರ!"

ಡಾಕ್ಟರು ನಗಲು ಹೋಗಿ, ಮಂಜಿನಲ್ಲಿ ತಿರುವು ಹುಡುಕತೊಡಗಿದರು.

ಕೌಂಟಿಯ ಸ್ಮಶಾನದ ಗೇಟಿನಲ್ಲಿ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬಳು ಕಾಯುತ್ತಿದ್ದಳು. ರೋಸಾ ಎಂದು ಹೆಸರು, ಕೌಂಟಿಯ ನೌಕರಿಯಲ್ಲಿದ್ದವಳು. ಕಂಕುಳಲ್ಲಿ ಕಡತ. ಅವಳ ಹಿಂದೆ ಮಂಜಿನೊಳಗೆ ಅಂಗೈಯಗಲದ ಕಲ್ಲುಗಳು ಸಾಲುಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಒಂದು ನಂಬರು, ಸಿಕ್ಕಿದ್ದರೆ ಒಂದು ಹೆಸರು. ಸಾಲು ಎಲ್ಲಿ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ಇಷ್ಟೊಂದು ಜನರನ್ನು ಯಾರೋ ಒಬ್ಬರು ಕೂತು ಲೆಕ್ಕವಿಟ್ಟು ಕಾಯುತ್ತಿದ್ದಾರಲ್ಲ ಎಂದು ಚಂದ್ರಮೋಹನರಿಗೆ ಮೈ ಜುಮ್ಮೆಂದಿತು. ಆಸ್ಪತ್ರೆಯಲ್ಲಿದ್ದಾಗ ಅವರೇ ಎಷ್ಟೋ ಸಲ 'ವಾರಸುದಾರರಿಲ್ಲ' ಎಂದು ಸಹಿ ಹಾಕಿದ್ದರು. ಆಮೇಲೆ ಅವರೆಲ್ಲ ಎಲ್ಲಿಗೆ ಹೋಗುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ.

ರೋಸಾ ಒಂದು ಕಲ್ಲಿನ ಮುಂದೆ ನಿಂತು ಕಡತ ಬಿಡಿಸಿದಳು. ಅವಳು ಹೇಳಿದ್ದನ್ನು ಡಾಕ್ಟರು ಕನ್ನಡದಲ್ಲಿ ಹೇಳುತ್ತ ಹೋದರು.

"ದಹನಕ್ಕೆ ದಿನ ನಿಗದಿಯಾಗಿತ್ತು. ಆದರೆ ಇವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಬೆಳ್ಳಿ ಡಬ್ಬಿ ಇತ್ತು, ಒಳಗೊಂದು ಕಪ್ಪು ಕಲ್ಲು. ಏನೆಂದು ನನಗೆ ತಿಳಿಯಲಿಲ್ಲ. ತಿಳಿಯುವವರೆಗೆ ದಹನ ಬೇಡವೆಂದು ಬರೆದೆ. ಫೋಟೊ ಹಿಡಿದು ಅಲ್ಲಿ ಇಲ್ಲಿ ಕೇಳಿದೆ. ಕೊನೆಗೆ ಪೇರ್ಲ್ಯಾಂಡಿನ ದೇವಸ್ಥಾನದಲ್ಲಿ ನಿಮ್ಮ ಕಡೆಯ ಒಬ್ಬ ಅಜ್ಜಿ ಹೇಳಿದರು, ಇದನ್ನು ಕಟ್ಟಿಕೊಂಡವರನ್ನು ಸುಡುವುದಿಲ್ಲ, ಇದನ್ನು ಅವರಿಂದ ಬೇರೆ ಮಾಡುವುದೂ ಇಲ್ಲ ಅಂತ. ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು." ರೋಸಾ ಕಡತ ಮುಚ್ಚಿದಳು. "ಕೂರಿಸಬೇಕು ಅಂತಲೂ ಹೇಳಿದ್ದರು. ನಮ್ಮ ಪೆಟ್ಟಿಗೆಯಲ್ಲಿ ಅದು ಆಗಲಿಲ್ಲ. ಕ್ಷಮಿಸಬೇಕು, ಮ್ಯಾಮ್."

ಶಿವಬಸವ್ವ ಬಗ್ಗಿ ಕಲ್ಲಿನ ಮೇಲಿನ ಇಬ್ಬನಿ ಒರೆಸಿದಳು.

"ಮಕ್ಕೊಳ್ಳಲಿ ಬಿಡ್ರಿ," ಎಂದಳು. "ಸಣ್ಣಾಂವ ಇದ್ದಾಗಿಂದ ಒಂದ ಕಡೆ ಕೂತಾಂವ ಅಲ್ಲ ಅಂವ. ದಣದಿರತಾನ." ಆಮೇಲೆ ಕಣ್ಣೊರೆಸಿಕೊಂಡು, "ಈಕೀಗೆ ಯಾರು ಹೇಳಿದ್ರಂತ ಇಷ್ಟೆಲ್ಲ ಮಾಡಾಕ? ಕೇಳ್ರಿ ಸ್ವಲ್ಪ," ಎಂದಳು.

ರೋಸಾಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಯಾರೂ ಹೇಳಲಿಲ್ಲ. ರಸ್ತೆಯ ಗುಂಡಿ ಮುಚ್ಚುವುದು, ಮತ ಎಣಿಸುವುದು, ಹುಟ್ಟಿದ ಮಗುವಿನ ಹೆಸರು ಬರೆದುಕೊಳ್ಳುವುದು, ಇದೂ, ಎಲ್ಲ ಕೌಂಟಿಯದೇ ಕೆಲಸ. ಯಾರಿಗೂ ಸೇರದವರು ನಮಗೆ ಸೇರುತ್ತಾರೆ."

ಡಾಕ್ಟರು ಅದನ್ನು ಕನ್ನಡಕ್ಕೆ ತಂದರು, ಕೊನೆಯ ಮಾತನ್ನು ಎರಡು ಸಲ.

"ಮೊದಲನೇ ಹಿಡಿ ಮಣ್ಣು ಒಡಹುಟ್ಟಿದವರು ಹಾಕಬೇಕ್ರಿ," ಶಿವಬಸವ್ವ ಮೆಲ್ಲಗೆ ಕೇಳಿದಳು. "ಅವತ್ತ ಯಾರು ಹಾಕಿದ್ರಂತ?"

"ನಾನು," ಎಂದಳು ರೋಸಾ. "ಯಾರೂ ಬರದಿದ್ದಾಗ ನಾನೇ ಹಾಕುತ್ತೇನೆ." ಗಡಿಯಾರ ನೋಡಿಕೊಂಡಳು. "ಈಗಲೂ ಒಬ್ಬರಿದ್ದಾರೆ. ಒಂದು ನಿಮಿಷ, ಬಂದೆ."

ಸಾಲಿನ ತುದಿಯಲ್ಲಿ ಇಬ್ಬರು ಕೆಲಸಗಾರರು ಬಣ್ಣವಿಲ್ಲದ ಮರದ ಪೆಟ್ಟಿಗೆಯನ್ನು ಗುಂಡಿಗಿಳಿಸಿ, ಟೊಪ್ಪಿಗೆ ತೆಗೆದು ನಿಂತಿದ್ದರು. ರೋಸಾ ಕಡತದಿಂದ ನಂಬರನ್ನಷ್ಟೇ ಗಟ್ಟಿಯಾಗಿ ಓದಿದಳು, ಹೆಸರಿರಲಿಲ್ಲ. ಓದಿ ಮುಗಿಸಿ ಮಣ್ಣಿಗೆ ಕೈ ಚಾಚಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಬಳೆ ಸದ್ದಾಯಿತು. ಶಿವಬಸವ್ವ ಚಪ್ಪಲಿ ಕಳಚಿಟ್ಟು, ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ಬಂದಿದ್ದಳು. ಬಗ್ಗಿ ಹಿಡಿ ತುಂಬ ಮಣ್ಣು ತೆಗೆದುಕೊಂಡು, ಮಲಗಿದ ಮಗುವಿಗೆ ಹೊದಿಸುವಂತೆ, ಸದ್ದಾಗದ ಹಾಗೆ ಪೆಟ್ಟಿಗೆಯ ಮೇಲೆ ಬಿಟ್ಟಳು.